ಪೊಲೀಸ್ ಕಾಗದ ಕಾರವಾರದಲ್ಲಿಲ್ಲ, ನಿಮ್ಮ ತಾಲೂಕಿನಲ್ಲೇ ಇದೆ: ಉತ್ತರ ಕನ್ನಡದಲ್ಲಿ ದಾಖಲೆ ಕೊಡುವ ಸೇವೆಯ ವಿಮರ್ಶೆ

ಶಿರಸಿ, ಸಿದ್ದಾಪುರದವರು ಒಂದು ಎಫ್‌ಐಆರ್ ಪ್ರತಿಗಾಗಿ ಬೆಳಗಿನ ಬಸ್ಸು ಹತ್ತಿ, ಘಟ್ಟ ಇಳಿದು ಕಾರವಾರದ ಎಸ್‌ಪಿ ಕಚೇರಿಗೆ ಹೋಗುವುದು ಇನ್ನೂ ನಿಂತಿಲ್ಲ. ಭಟ್ಕಳದವರೂ ಹೆದ್ದಾರಿ 66 ಹಿಡಿದು ನೂರು ಕಿಲೋಮೀಟರಿಗೂ ಮೇಲೆ ಬರುತ್ತಾರೆ. ಅಲ್ಲಿ ಸಿಗುವ ಉತ್ತರ ‘ಠಾಣೆಯಲ್ಲೇ ಕೇಳಿ’ ಎಂಬುದು. ಉತ್ತರ ತಪ್ಪಲ್ಲ, ಹೋದ ಜಾಗ ತಪ್ಪು. ಪ್ರಕರಣದ ಮೂಲ ಕಡತ ಜಿಲ್ಲಾ ಕಚೇರಿಯಲ್ಲಿ ಇರುವುದಿಲ್ಲ. ಅದು ಠಾಣೆಯಲ್ಲಿ ಹುಟ್ಟುತ್ತದೆ. ತನಿಖೆ ಮುಗಿದ ಮೇಲೆ ಆ ಭಾಗದ ಕೋರ್ಟಿಗೆ ಹೋಗುತ್ತದೆ, ಅಸಹಜ ಸಾವಿನದಾದರೆ ಉಪವಿಭಾಗಾಧಿಕಾರಿ ಕಚೇರಿಯ ದಾರಿ ಹಿಡಿಯುತ್ತದೆ.

ಜಿಲ್ಲೆಯಲ್ಲಿ ಪೊಲೀಸ್ ದಾಖಲೆ ಪಡೆಯಲು ಇರುವ ದಾರಿಗಳನ್ನು ಇಲ್ಲಿ ತೂಗಿ ನೋಡಿದ್ದೇವೆ. ಅಳತೆ ಎರಡೇ. ಬೇಕಾದ ಕಾಗದ ಕೈಗೆ ಬರುತ್ತದೆಯೇ? ಎಷ್ಟು ಓಡಾಟದಲ್ಲಿ?

ಎಲ್ಲಕ್ಕಿಂತ ಮೊದಲು ಕಾಗದದ ಹೆಸರು ಸರಿಯಾಗಿರಬೇಕು. ‘ಕೇಸಿನ ಪೇಪರ್ ಕೊಡಿ’ ಎಂದು ಬರೆದ ಅರ್ಜಿಗೆ ಯಾರೂ ಏನೂ ಕೊಡಲಾರರು. ನಿಮಗೆ ಬೇಕಿರುವುದು ಎಫ್‌ಐಆರೋ, ಅದಕ್ಕೆ ಲಗತ್ತಾದ ದೂರೋ, ಎನ್‌ಸಿಆರೋ (ಕೋರ್ಟಿನ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆ ಮಾಡಲಾಗದ ಸಣ್ಣ ಅಪರಾಧದ ದಾಖಲೆ), ಸ್ಥಳ ಪಂಚನಾಮೆಯೋ, ಗಾಯದ ಪ್ರಮಾಣಪತ್ರವೋ, ದೋಷಾರೋಪ ಪಟ್ಟಿಯೋ, ‘ಬಿ’ ವರದಿಯೋ (ದೂರು ನಿಲ್ಲುವುದಿಲ್ಲ ಎಂದು ಪೊಲೀಸರು ಕೋರ್ಟಿಗೆ ಕೊಡುವ ವರದಿ) ಎಂದು ಬಿಡಿಸಿ ಬರೆಯಿರಿ. ನಮ್ಮ ಕಡೆ ಪಂಚನಾಮೆ ಎನ್ನುವುದನ್ನೇ ಹಳೆ ಮೈಸೂರು ಕಡೆ ಮಹಜರು ಎನ್ನುತ್ತಾರೆ. ಎರಡರಲ್ಲಿ ಯಾವುದನ್ನು ಬರೆದರೂ ನಡೆಯುತ್ತದೆ.

ಜಾಲತಾಣದ ಎಫ್‌ಐಆರ್

ಬರೀ ಎಫ್‌ಐಆರ್ ಸಾಕು ಎನ್ನುವವರಿಗೆ ಕರ್ನಾಟಕ ರಾಜ್ಯ ಪೊಲೀಸ್ ಜಾಲತಾಣದ ಎಫ್‌ಐಆರ್ ಹುಡುಕಾಟವೇ ಒಳ್ಳೆಯ ಬಾಗಿಲು. ಜಿಲ್ಲೆ, ಠಾಣೆ, ಎಫ್‌ಐಆರ್ ಸಂಖ್ಯೆ, ವರ್ಷ ಈ ನಾಲ್ಕು ಗೊತ್ತಿದ್ದರೆ ಮನೆಯಲ್ಲೇ ಕೂತು ಇಳಿಸಿಕೊಳ್ಳಬಹುದು. ಇದು ಇಲಾಖೆ ಮಾಡಿದ ಉಪಕಾರವಲ್ಲ. 2016ರ ಸೆಪ್ಟೆಂಬರ್ 7ರಂದು ಯೂತ್ ಬಾರ್ ಅಸೋಸಿಯೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಿಂದ ಬಂದದ್ದು. ದಾಖಲಾದ 24 ಗಂಟೆಯೊಳಗೆ ಎಫ್‌ಐಆರ್ ಜಾಲತಾಣಕ್ಕೆ ಏರಬೇಕು, ಸಂಪರ್ಕದ ತೊಂದರೆ ಇದ್ದರೆ 48 ಗಂಟೆ, ದುರ್ಗಮ ಪ್ರದೇಶವಾದರೆ ಹೆಚ್ಚೆಂದರೆ 72 ಗಂಟೆ. ಜೋಯಿಡಾ, ಕದ್ರಾದಂಥ ಕಡೆ ಮಳೆಗಾಲದಲ್ಲಿ ಮೂರು ದಿನ ಕಾದು ಹುಡುಕುವುದು ಲೇಸು.

ಹುಡುಕಿದರೂ ಸಿಗದಿದ್ದಾಗ ಹೆಚ್ಚಿನ ಸಲ ತಪ್ಪಿರುವುದು ಠಾಣೆಯ ಆಯ್ಕೆ. ‘ಕಾರವಾರ’ ಎಂದು ಒಂದೇ ಠಾಣೆ ಇಲ್ಲ. ನಗರ, ಗ್ರಾಮೀಣ, ಸಂಚಾರ, ಚಿತ್ತಾಕುಲ, ಕದ್ರಾ, ಮಲ್ಲಾಪುರ ಎಲ್ಲವೂ ಬೇರೆ ಬೇರೆ. ಕಾಳಿ ನದಿಯ ಆಚೆ ಸದಾಶಿವಗಡದ ಕಡೆ ಆದ ಘಟನೆಯನ್ನು ನಗರ ಠಾಣೆಯಲ್ಲಿ ಹುಡುಕಿದರೆ ಸಿಗುವುದಿಲ್ಲ, ಅದು ಚಿತ್ತಾಕುಲದ್ದು. ಶಿರಸಿಯಲ್ಲೂ ನಗರ, ಹೊಸ ಮಾರುಕಟ್ಟೆ, ಗ್ರಾಮೀಣ ಎಂದು ಮೂರು, ಬನವಾಸಿ ನಾಲ್ಕನೆಯದು. ಸಂಖ್ಯೆಯ ವಿಷಯವೂ ಹಾಗೆಯೇ. ಎಫ್‌ಐಆರ್ ಮೇಲೆ 0045 ಎಂದು ನಾಲ್ಕಂಕಿಯಲ್ಲಿ ಇದ್ದದ್ದನ್ನು 45 ಎಂದು ಹಾಕಿ ಸೋತವರು, ಮುಂದಿನ ಸೊನ್ನೆಗಳನ್ನು ಸೇರಿಸಿ ಇನ್ನೊಮ್ಮೆ ನೋಡಬೇಕು.

ಲೈಂಗಿಕ ಅಪರಾಧ, ಪೋಕ್ಸೊ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳು ಜಾಲತಾಣದಲ್ಲಿ ಇರುವುದಿಲ್ಲ. ಇರಲೂಬಾರದು. ಹಾಗೆ ಏರಿಸದಿರುವ ತೀರ್ಮಾನವನ್ನು ಡಿವೈಎಸ್‌ಪಿಗಿಂತ ಕೆಳಗಿನ ಅಧಿಕಾರಿ ಮಾಡುವಂತಿಲ್ಲ. ದೋಷಾರೋಪ ಪಟ್ಟಿಯೂ ಜಾಲತಾಣದಲ್ಲಿ ಸಿಗುವುದಿಲ್ಲ. ಅದನ್ನು ಸಾರ್ವಜನಿಕವಾಗಿ ಏರಿಸಬೇಕಿಲ್ಲ ಎಂದು 2023ರ ಜನವರಿಯಲ್ಲಿ ಸೌರವ್ ದಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹಾಗಾಗಿ ಅದನ್ನು ಅಂತರ್ಜಾಲದಲ್ಲಿ ಹುಡುಕುತ್ತ ಕೂರಬೇಡಿ.

ಇಳಿಸಿಕೊಂಡ ಪ್ರತಿ ವಿಮೆ ಕಂಪನಿಗೆ ಮೊದಲ ಸುದ್ದಿ ಮುಟ್ಟಿಸಲು ಸಾಕು. ಕೋರ್ಟಿಗೂ ಮೋಟಾರು ಅಪಘಾತ ನ್ಯಾಯಮಂಡಳಿಗೂ ದೃಢೀಕೃತ ಪ್ರತಿಯೇ ಬೇಕು.

ಠಾಣೆಯ ಮೇಜು

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173(2)ರಂತೆ ದೂರು ಕೊಟ್ಟವರಿಗೆ ಅಥವಾ ಸಂತ್ರಸ್ತರಿಗೆ ಎಫ್‌ಐಆರ್ ಪ್ರತಿಯನ್ನು ಕೂಡಲೇ, ಪುಕ್ಕಟೆ ಕೊಡಬೇಕು. ಹಳೆಯ ಕಾನೂನು ದೂರುದಾರರ ಹೆಸರು ಮಾತ್ರ ಹೇಳುತ್ತಿತ್ತು, ಈಗ ಸಂತ್ರಸ್ತರೂ ಸೇರಿದ್ದಾರೆ. ಜೆರಾಕ್ಸ್ ಅಂಗಡಿಯ ಖರ್ಚೂ ನಿಮ್ಮದಲ್ಲ. ಆರೋಪಿಯೂ ಅರ್ಜಿ ಹಾಕಿದರೆ 24 ಗಂಟೆಯೊಳಗೆ ಪೊಲೀಸರಿಂದ ಪ್ರತಿ ಪಡೆಯಬಹುದು. ಅದೂ 2016ರ ಅದೇ ಆದೇಶದಲ್ಲಿದೆ.

ಪ್ರತಿ ಕೈಗೆ ಬಂದಾಗ ಮಡಚಿ ಜೇಬಿಗೆ ಹಾಕುವ ಮೊದಲು ಅಲ್ಲೇ ನಿಂತು ಓದಿ. ಘಟನೆಯ ದಿನ ಮತ್ತು ವೇಳೆ, ದೂರು ಠಾಣೆಗೆ ಬಂದ ವೇಳೆ, ಊರಿನ ಹೆಸರು, ಹೆಸರುಗಳ ಅಕ್ಷರ, ವಾಹನದ ಸಂಖ್ಯೆ ಇವನ್ನು ಬೆರಳಿಟ್ಟು ನೋಡಿ. ಕೆಎ-30 ಕಾರವಾರದ್ದು, ಕೆಎ-31 ಶಿರಸಿಯದ್ದು, ಕೆಎ-47 ಹೊನ್ನಾವರದ್ದು, ಕೆಎ-65 ದಾಂಡೇಲಿಯದ್ದು. ಅವಸರದಲ್ಲಿ 30 ಇದ್ದದ್ದು 31 ಆದರೆ ವಿಮೆಯ ಕಡತ ಅಲ್ಲಿಗೇ ನಿಲ್ಲುತ್ತದೆ. ನಾಯ್ಕ ಮತ್ತು ನಾಯಕ ನಮ್ಮ ಜಿಲ್ಲೆಯಲ್ಲಿ ಬೇರೆ ಬೇರೆ ಅಡ್ಡಹೆಸರು. ಆಧಾರಿನಲ್ಲಿ ಇರುವಂತೆಯೇ ಬರೆಸಬೇಕು. ದಾಖಲಾದ ಎಫ್‌ಐಆರ್ ಅನ್ನು ಅಳಿಸಿ ತಿದ್ದುವುದಕ್ಕೆ ಬರುವುದಿಲ್ಲ. ತಪ್ಪು ಕಂಡರೆ ತನಿಖಾಧಿಕಾರಿಗೆ ಲಿಖಿತವಾಗಿ ತಿಳಿಸಿ ಪುರವಣಿ (ಹೆಚ್ಚುವರಿ) ಹೇಳಿಕೆ ಕೊಡುವುದೇ ದಾರಿ. ಮೊದಲ ವಾರದಲ್ಲಿ ಇದು ಸಣ್ಣ ಕೆಲಸ. ದೋಷಾರೋಪ ಪಟ್ಟಿ ಕೋರ್ಟಿಗೆ ಹೋದ ಮೇಲೆ ದೊಡ್ಡ ತಲೆನೋವು.

ಬೇಲಿ ಜಗಳ, ಬೈಗುಳ, ಅಡಕೆ ತೋಟದ ಹಾದಿಯ ತಕರಾರು ಇಂಥವು ಎಷ್ಟೋ ಸಲ ಎಫ್‌ಐಆರ್ ಆಗುವುದಿಲ್ಲ. ಅಸಂಜ್ಞೇಯ ಅಪರಾಧವಾದರೆ ಕಲಂ 174ರಡಿ ಎನ್‌ಸಿಆರ್ ಆಗುತ್ತದೆ, ಇಲ್ಲವೇ ಬರೀ ‘ಅರ್ಜಿ’ ಎಂದು ದಾಖಲಾಗುತ್ತದೆ. ಜನ ಎಡವುವುದು ಇಲ್ಲಿಯೇ. ಅರ್ಜಿ ಕೊಟ್ಟು, ಎರಡೂ ಕಡೆಯವರನ್ನು ಕರೆಸಿ ಮಾತಾಡಿಸಿದ ಮೇಲೆ, ಕೈಯಲ್ಲಿ ಒಂದು ಚೂರು ಕಾಗದವೂ ಇಲ್ಲದೆ ಮನೆಗೆ ಬರುತ್ತಾರೆ. ಅರ್ಜಿ ಕೊಟ್ಟ ದಿನ ಸ್ವೀಕೃತಿ, ಅದರಲ್ಲಿ ಅರ್ಜಿ ಸಂಖ್ಯೆ ಮತ್ತು ಠಾಣೆಯ ಮೊಹರು. ವಿಚಾರಣೆ ಮುಗಿದ ದಿನ ಹಿಂಬರಹ, ಅಂದರೆ ಅರ್ಜಿ ಏನಾಯಿತು ಎಂದು ಠಾಣೆ ಬರೆದುಕೊಡುವ ಕಾಗದ. ಇವೆರಡನ್ನು ಕೇಳಿ ಪಡೆಯದಿದ್ದರೆ ಮುಂದೆ ಮಾಹಿತಿ ಹಕ್ಕಿನಲ್ಲಿ ಏನನ್ನು ಕೇಳಬೇಕೆಂದೂ ತಿಳಿಯುವುದಿಲ್ಲ. 112ಕ್ಕೆ ಕರೆ ಮಾಡಿದ್ದರೆ ಆ ಕರೆಯ ಘಟನಾ ಸಂಖ್ಯೆಯನ್ನು ಮೊಬೈಲಿನಲ್ಲೇ ಉಳಿಸಿಕೊಳ್ಳಿ, ಪೊಲೀಸರು ಸ್ಥಳಕ್ಕೆ ಬಂದದ್ದಕ್ಕೆ ಅದೇ ಗುರುತು.

ದೂರನ್ನೇ ತೆಗೆದುಕೊಳ್ಳದಿದ್ದರೆ ಮಾತ್ರ ಕಾರವಾರ. ಆಗಲೂ ಬಸ್ಸು ಹತ್ತಬೇಕಿಲ್ಲ. ಕಲಂ 173(4)ರಂತೆ ದೂರಿನ ಸಾರವನ್ನು ಬರಹದಲ್ಲಿ ಅಂಚೆಯ ಮೂಲಕ ಎಸ್‌ಪಿಗೆ ಕಳಿಸಬಹುದು, ಅದೂ ಫಲ ಕೊಡದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಅಂಚೆ ರಸೀದಿಯನ್ನು ಅರ್ಜಿಯ ಪ್ರತಿಗೇ ಅಂಟಿಸಿಡಿ.

ದೂರು ಕೊಟ್ಟವರಿಗೆ ಇನ್ನೊಂದು ಹಕ್ಕಿದೆ, ಬಹಳ ಮಂದಿಗೆ ಇದರ ಅರಿವಿಲ್ಲ. ತನಿಖೆ ಎಲ್ಲಿಗೆ ಬಂತು ಎಂಬುದನ್ನು 90 ದಿನಗಳೊಳಗೆ ಅವರಿಗೆ ತಿಳಿಸಬೇಕು ಎಂದು ಕಲಂ 193(3) ಹೇಳುತ್ತದೆ, ಮೊಬೈಲ್ ಸಂದೇಶದ ಮೂಲಕವೂ ಆದೀತು. ತೊಂಬತ್ತನೆಯ ದಿನಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು, ಅಂದು ಒಂದು ಸಾಲಿನ ಅರ್ಜಿ ಕೊಟ್ಟರೆ ಉತ್ತರ ಬೇಗ ಬರುತ್ತದೆ.

ಅಪಘಾತದ ಕಾಗದಗಳು

ಹೆದ್ದಾರಿ 66, ಅರಬೈಲ್ ಘಟ್ಟ, ದೇವಿಮನೆ ಘಟ್ಟ ಇರುವ ಜಿಲ್ಲೆಯಲ್ಲಿ ಜನ ಪೊಲೀಸ್ ದಾಖಲೆಗೆ ಅಲೆಯುವುದರಲ್ಲಿ ದೊಡ್ಡ ಪಾಲು ಅಪಘಾತದ್ದೇ. ಪರಿಹಾರದ ಅರ್ಜಿಗೆ ಎಫ್‌ಐಆರ್ ಒಂದೇ ಸಾಲದು. ದೂರು, ಸ್ಥಳ ಪಂಚನಾಮೆ, ಕೈನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ಗಾಯದ ಪ್ರಮಾಣಪತ್ರ, ಸಾವಾಗಿದ್ದರೆ ಶವ ಪಂಚನಾಮೆ ಮತ್ತು ಮರಣೋತ್ತರ ಪರೀಕ್ಷೆಯ ವರದಿ, ಕೊನೆಗೆ ದೋಷಾರೋಪ ಪಟ್ಟಿ. ಇಷ್ಟೂ ಒಂದೇ ದಿನ ಸಿದ್ಧವಾಗುವುದಿಲ್ಲ. ವಾಹನ ನಿರೀಕ್ಷಕರು ಬಂದು ನೋಡುವ ತನಕ ಅವರ ವರದಿ ಇಲ್ಲ, ವೈದ್ಯರು ಬರೆಯುವ ತನಕ ಗಾಯದ ಪತ್ರ ಇಲ್ಲ. ‘ಇನ್ನೂ ಬಂದಿಲ್ಲ’ ಎಂದರೆ ಯಾವುದು ಬಂದಿಲ್ಲ ಎಂದು ಕೇಳಿ, ಆ ಕಚೇರಿಯಲ್ಲಿ ವಿಚಾರಿಸಿ. ಕಾರವಾರದ ವೈದ್ಯಕೀಯ ವಿಜ್ಞಾನ ಸಂಸ್ಥೆ, ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆಯಂಥ ಕಡೆ ವೈದ್ಯಕೀಯ ದಾಖಲೆ ವಿಭಾಗದಲ್ಲಿ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ಪ್ರಕರಣ) ಸಂಖ್ಯೆ ಹೇಳಿದರೆ ಕಾಗದ ಹೊರಟಿದೆಯೋ ಇಲ್ಲವೋ ತಿಳಿಯುತ್ತದೆ. ಗಾಯಾಳುವನ್ನು ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಸಾಗಿಸಿದ್ದರೆ ಗಾಯದ ಪತ್ರ ಅಲ್ಲಿಂದಲೇ ಬರಬೇಕು. ತಡವಾಗುವುದು ಇಲ್ಲಿ, ಠಾಣೆಯಲ್ಲಿ ಅಲ್ಲ.

2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕೇಂದ್ರ ಮೋಟಾರು ವಾಹನ ನಿಯಮಗಳು ಈ ಓಡಾಟವನ್ನು ಬಹಳಷ್ಟು ತಗ್ಗಿಸಬಲ್ಲವು. ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿ, 50 ದಿನದೊಳಗೆ ಮಧ್ಯಂತರ ವರದಿ, 90 ದಿನದೊಳಗೆ ವಿವರವಾದ ಅಪಘಾತ ವರದಿಯನ್ನು ನ್ಯಾಯಮಂಡಳಿಗೆ ಸಲ್ಲಿಸಬೇಕು. ಇದನ್ನು ಪಾಲಿಸಲೇಬೇಕೆಂದು 2022ರ ಡಿಸೆಂಬರ್ 15ರಂದು ಗೋಹರ್ ಮೊಹಮ್ಮದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒತ್ತಿ ಹೇಳಿದೆ. ನಮ್ಮ ಸಲಹೆ ಇಷ್ಟೇ: ಬಿಡಿ ಕಾಗದ ಕೇಳುವ ಬದಲು ‘ನಮೂನೆ 7ರ ವಿವರವಾದ ಅಪಘಾತ ವರದಿ, ಲಗತ್ತುಗಳ ಸಹಿತ’ ಎಂದು ಬರೆದುಕೊಡಿ. ಮೇಲೆ ಹೇಳಿದ ಕಾಗದಗಳಲ್ಲಿ ಹೆಚ್ಚಿನವು ಅದರ ಹೊಟ್ಟೆಯಲ್ಲೇ ಇರುತ್ತವೆ. ಪರಿಹಾರ ಕೇಳುವವರಿಗೆ ವಾಹನ, ಚಾಲಕ, ವಿಮೆಯ ವಿವರ ಕೊಡುವುದು ಠಾಣೆಯ ಕರ್ತವ್ಯ ಎಂದು ಮೋಟಾರು ವಾಹನ ಕಾಯ್ದೆಯ ಕಲಂ 160ರಲ್ಲೂ ಇದೆ. ಆದ್ದರಿಂದ ಅಪಘಾತದ ಕಾಗದಕ್ಕೆ ಮಾಹಿತಿ ಹಕ್ಕು ಬಳಸಿ ಒಂದು ತಿಂಗಳು ಕಾಯುವುದು ವ್ಯರ್ಥ. ಪರಿಹಾರದ ಅರ್ಜಿಗೆ ಕಾಯ್ದೆಯ ಕಲಂ 166(3) ಹಾಕಿರುವ ಗಡುವು ಅಪಘಾತದ ದಿನದಿಂದ 6 ತಿಂಗಳು. ಕಾಗದ ಎಲ್ಲ ಸೇರಲಿ ಎಂದು ಕಾಯದೆ, ಎಫ್‌ಐಆರ್ ಮೇಲೆ ಅರ್ಜಿ ಹಾಕಿ ಉಳಿದದ್ದನ್ನು ಆಮೇಲೆ ಸೇರಿಸಬಹುದು.

ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೆ ನ್ಯಾಯಮಂಡಳಿಯ ದಾರಿ ಅಲ್ಲ. ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿಯ ಯೋಜನೆ ಇದೆ, ಅರ್ಜಿ ಹೋಗುವುದು ಕಂದಾಯ ಇಲಾಖೆಯ ವಿಚಾರಣಾಧಿಕಾರಿಗೆ. ಅದಕ್ಕೂ ಎಫ್‌ಐಆರ್ ಪ್ರತಿಯೇ ಬುನಾದಿ.

ಸಮುದ್ರದ ಸಾವು

ಗೋಕರ್ಣ, ಮುರ್ಡೇಶ್ವರ, ಕಾರವಾರದ ಕಡಲತೀರದಲ್ಲಿ ಮುಳುಗಿ ಸತ್ತವರ ಮನೆಯವರು ದೂರದೂರಿನಿಂದ ಬಂದು, ದುಃಖದಲ್ಲಿ ಶವದೊಂದಿಗೆ ಹಿಂದಿರುಗಿ, ಎರಡು ತಿಂಗಳಾದ ಮೇಲೆ ವಿಮೆಯವರು ಕೇಳಿದಾಗ ಕಾಗದಕ್ಕೆ ಪರದಾಡುತ್ತಾರೆ. ಇದನ್ನು ಬರೆಯಲು ಮುಖ್ಯ ಕಾರಣ ಅವರೇ.

ಇಂಥ ಸಾವು ಯುಡಿಆರ್, ಅಂದರೆ ಅಸಹಜ ಸಾವಿನ ವರದಿ ಎಂದು ದಾಖಲಾಗುತ್ತದೆ, ಸುರಕ್ಷಾ ಸಂಹಿತೆಯ ಕಲಂ 194ರಡಿ. ಇದರ ಸಂಖ್ಯೆಯ ಸರಣಿಯೇ ಬೇರೆ. ಅಪರಾಧ ಸಂಖ್ಯೆ ಎಂದು ಹುಡುಕಿದರೆ ಇನ್ಯಾವುದೋ ಪ್ರಕರಣ ಬಂದು ನಿಲ್ಲುತ್ತದೆ. ಅಪರಾಧವಿಲ್ಲ ಎಂದಾದ ಮೇಲೆ ಅಂತಿಮ ವರದಿ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿಗೆ ಹೋಗುವುದಿಲ್ಲ, ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಕಡೆಗೆ ಹೋಗುತ್ತದೆ. ಕಾರವಾರ, ಕುಮಟಾ, ಶಿರಸಿ, ಭಟ್ಕಳದ ಉಪವಿಭಾಗಾಧಿಕಾರಿ ಕಚೇರಿ ಅಥವಾ ಆ ತಾಲೂಕಿನ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಬೇಕು. ಕೋರ್ಟಿನ ನಕಲು ಶಾಖೆಯಲ್ಲಿ ‘ಇಂಥ ಕಡತ ಇಲ್ಲ’ ಎಂದದ್ದು ಸುಳ್ಳಲ್ಲ.

ಶವ ಪಡೆಯುವ ದಿನವೇ ಯುಡಿಆರ್ ಸಂಖ್ಯೆ, ಠಾಣೆಯ ಹೆಸರು, ಮರಣೋತ್ತರ ಪರೀಕ್ಷೆಯ ಸಂಖ್ಯೆ, ಶವ ಹಸ್ತಾಂತರದ ರಸೀದಿ ಈ ನಾಲ್ಕನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡರೆ ಮುಂದಿನದೆಲ್ಲ ಅಂಚೆಯಲ್ಲೇ ಮುಗಿಯುತ್ತದೆ. ಆಸ್ಪತ್ರೆಯಿಂದ ಮರಣೋತ್ತರ ವರದಿ ಹೋಗುವುದು ಠಾಣೆಗೆ. ಕೇಳುವ ಅರ್ಜಿಯೂ ಅಲ್ಲಿಗೇ. ವಿಮೆಗೆ ಬೇಕಾದ ‘ಅಂತಿಮ ವರದಿ’ ಬರುವುದು ಒಳಾಂಗ ಪರೀಕ್ಷೆಯ ಫಲಿತಾಂಶ ಬಂದ ಮೇಲೆ, ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಅಲ್ಲಿಯವರೆಗೆ ಯುಡಿಆರ್ ಪ್ರತಿ ಮತ್ತು ಶವ ಪಂಚನಾಮೆಯನ್ನು ದೃಢೀಕರಿಸಿಕೊಂಡು ಕೊಟ್ಟು ವಿಮೆಯ ಕಡತ ತೆರೆಸಿಡಿ.

ದೋಣಿ ಮುಗುಚಿದ, ಬಲೆ ಬಿಡುವಾಗ ಬಿದ್ದ ಪ್ರಕರಣಗಳಲ್ಲಿ ಕರಾವಳಿ ಕಾವಲು ಪೊಲೀಸರೂ ಬರುತ್ತಾರೆ. ಕಾರವಾರ, ಬೇಲೇಕೇರಿ, ಕುಮಟಾ, ಹೊನ್ನಾವರ, ಭಟ್ಕಳದಲ್ಲಿ ಅವರ ಠಾಣೆಗಳಿದ್ದರೂ ಘಟಕದ ಕೇಂದ್ರ ಕಚೇರಿ ಮಲ್ಪೆಯಲ್ಲಿದೆ, ಕಾರವಾರದ ಎಸ್‌ಪಿ ಕೈಕೆಳಗಲ್ಲ. ಕೊಂಕಣ ರೈಲಿನಲ್ಲಿ ಚೀಲ ಕಳೆದರೆ ಅದೂ ಹಾಗೆಯೇ, ರೈಲ್ವೆ ಪೊಲೀಸ್ ಬೇರೆ ಘಟಕ. ಇನ್ನು ನಮ್ಮ ಜಿಲ್ಲೆಯಲ್ಲಿ ಮನೆಮನೆಗೂ ಗೊತ್ತಿರುವ ಅರಣ್ಯ ಅತಿಕ್ರಮಣದ ಗುನ್ನೆ ಪೊಲೀಸ್ ದಾಖಲೆಯೇ ಅಲ್ಲ. ಅದರ ಕಡತ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ, ಅರ್ಜಿಯೂ ಅರಣ್ಯ ಇಲಾಖೆಗೆ.

ಕಳವಿಗೆ ಒಂದು ಮಾತು. ಬೈಕು ಕಳೆದು ಪತ್ತೆಯಾಗದಿದ್ದರೆ ವಿಮೆಯವರು ಕೇಳುವ ಕಾಗದ ‘ಸಿ’ ವರದಿ, ಅಂದರೆ ಪತ್ತೆಯಾಗದ ಪ್ರಕರಣ ಎಂದು ಕೋರ್ಟಿಗೆ ಸಲ್ಲಿಸಿದ ವರದಿ. ‘ಬಿ’ ವರದಿ ಅದಲ್ಲ, ಅದು ದೂರು ನಿಲ್ಲುವುದಿಲ್ಲ ಎನ್ನುವ ವರದಿ. ಎರಡನ್ನೂ ಅದಲುಬದಲು ಬರೆದ ಅರ್ಜಿಗಳಿಗೆ ಲೆಕ್ಕವಿಲ್ಲ. ಕೈತಪ್ಪಿ ಕಳೆದ ಸಿಮ್, ಅಂಕಪಟ್ಟಿ, ಆರ್‌ಸಿಗೆ ಎಫ್‌ಐಆರ್ ಬೇಕಿಲ್ಲ, ರಾಜ್ಯ ಪೊಲೀಸರ ಇ-ಲಾಸ್ಟ್ ವರದಿ ಸಾಕು. ಸೈಬರ್ ವಂಚನೆಗೆ 1930ಕ್ಕೆ ಕರೆ ಮಾಡಿದಾಗ ಬರುವ ಸ್ವೀಕೃತಿ ಸಂಖ್ಯೆ ಎಫ್‌ಐಆರ್ ಅಲ್ಲ, ಬ್ಯಾಂಕು ಎಫ್‌ಐಆರ್ ಕೇಳಿದರೆ ಠಾಣೆಗೆ ಹೋಗಿ ದಾಖಲಿಸಲೇಬೇಕು.

ಕೋರ್ಟಿನ ನಕಲು ಶಾಖೆ

ದೋಷಾರೋಪ ಪಟ್ಟಿ ಸಲ್ಲಿಕೆಯಾದ ಮೇಲೆ ನಂಬಿಕೆಗೆ ಯೋಗ್ಯವಾದ ಬಾಗಿಲು ಇದೇ. ಇಲ್ಲಿ ಸಿಗುವ ದೃಢೀಕೃತ ನಕಲನ್ನು ಯಾರೂ ಪ್ರಶ್ನಿಸುವುದಿಲ್ಲ. ನಿಧಾನ ಇರಬಹುದು, ಆದರೆ ಅರ್ಜಿ ಕಳೆದುಹೋಗುವುದಿಲ್ಲ, ಯಾಕೆಂದರೆ ಪ್ರತಿ ನಕಲು ಅರ್ಜಿಗೂ ಸಂಖ್ಯೆ ಬೀಳುತ್ತದೆ. ಪ್ರಕರಣದ ಪಕ್ಷಗಾರರಾದರೆ ಅರ್ಜಿ, ನಕಲಿನ ಶುಲ್ಕ, ಅಷ್ಟೇ. ಮೂರನೆಯವರಾದರೆ ಯಾತಕ್ಕೆ ಬೇಕು ಎಂಬುದನ್ನು ಪ್ರಮಾಣಪತ್ರದಲ್ಲಿ ಹೇಳಿ ನ್ಯಾಯಾಧೀಶರ ಅಪ್ಪಣೆ ಪಡೆಯಬೇಕು. ಆರೋಪಿಗೆ, ಮತ್ತು ವಕೀಲರನ್ನು ಇಟ್ಟುಕೊಂಡ ಸಂತ್ರಸ್ತರಿಗೆ, ಪೊಲೀಸ್ ವರದಿಯೂ ಹೇಳಿಕೆಗಳೂ ಪುಕ್ಕಟೆಯಾಗಿ 14 ದಿನದೊಳಗೆ ಸಿಗಬೇಕೆಂದು ಸುರಕ್ಷಾ ಸಂಹಿತೆಯ ಕಲಂ 230 ಹೇಳುತ್ತದೆ. ಅವರು ನಕಲಿಗೆ ದುಡ್ಡು ಸುರಿಯುವ ಮೊದಲು ಅದನ್ನು ಕೇಳಲಿ.

ಪ್ರಕರಣದ ಸಂಖ್ಯೆ ಗೊತ್ತಿಲ್ಲದಿದ್ದರೆ ಇ-ಕೋರ್ಟ್ಸ್ ಆ್ಯಪ್ ತೆರೆಯಿರಿ. ಹೆಸರಿನಿಂದ ಹುಡುಕುವುದು ನಮ್ಮ ಜಿಲ್ಲೆಯಲ್ಲಿ ಕಷ್ಟ. ಹೆಗಡೆ, ನಾಯ್ಕ, ಗೌಡ, ಭಟ್ಟ ಎಂದು ಹೊಡೆದರೆ ಪುಟಗಟ್ಟಲೆ ಬರುತ್ತದೆ, ಇಂಗ್ಲಿಷಿನಲ್ಲಿ ಒಂದೇ ಹೆಸರನ್ನು ಮೂರು ಬಗೆಯಲ್ಲಿ ಬರೆದಿರುತ್ತಾರೆ. ಠಾಣೆ ಮತ್ತು ಎಫ್‌ಐಆರ್ ಸಂಖ್ಯೆಯಿಂದ ಹುಡುಕುವ ಆಯ್ಕೆ ಅಲ್ಲೇ ಇದೆ, ಒಂದೇ ಸಲಕ್ಕೆ ಸಿಗುತ್ತದೆ. ಸಿಕ್ಕಿದ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆಯನ್ನು (ಕೋರ್ಟು ಪ್ರತಿ ಪ್ರಕರಣಕ್ಕೂ ಕೊಡುವ ಗುರುತು) ನಕಲು ಅರ್ಜಿಯ ತಲೆಯಲ್ಲೇ ಬರೆಯಿರಿ.

ಮಾಹಿತಿ ಹಕ್ಕು: ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ

ಮೇಲಿನ ದಾರಿಗಳಲ್ಲಿ ಸಿಗದ ಕಾಗದಗಳಿಗೆ ಮಾತ್ರ ಇದು ಸರಿಯಾದ ಸಲಕರಣೆ. ಅರ್ಜಿ ರಿಜಿಸ್ಟರಿನ ಪುಟ, ವಿಚಾರಣಾ ವರದಿ, ಹಿಂಬರಹದ ಕಚೇರಿ ಪ್ರತಿ, ಠಾಣಾ ದಿನಚರಿಯ ನಿರ್ದಿಷ್ಟ ದಿನದ ನಮೂದು ಇಂಥವು ಇದರಲ್ಲಿ ಚೆನ್ನಾಗಿ ಸಿಗುತ್ತವೆ.

ಕರ್ನಾಟಕದ ನಿಯಮದಂತೆ ಶುಲ್ಕ 10 ರೂಪಾಯಿ, ಎ-4 ಪುಟಕ್ಕೆ 2 ರೂಪಾಯಿ. ಬಿಪಿಎಲ್ ಕುಟುಂಬದವರು ಕಾರ್ಡಿನ ಪ್ರತಿ ಲಗತ್ತಿಸಿದರೆ ಅರ್ಜಿಗೆ ಶುಲ್ಕ ಇಲ್ಲ. ಪೋಸ್ಟಲ್ ಆರ್ಡರ್ ಒಳ್ಳೆಯದು, ಕೋರ್ಟ್ ಶುಲ್ಕದ ಸ್ಟ್ಯಾಂಪ್ ಅಂಟಿಸಬೇಡಿ. ರಾಜ್ಯದ ಆನ್‌ಲೈನ್ ಮಾಹಿತಿ ಹಕ್ಕು ಜಾಲತಾಣವೂ ಇದೆ. ಕರ್ನಾಟಕಕ್ಕೇ ವಿಶೇಷವಾದ ಒಂದು ಕಟ್ಟುಪಾಡು ಮರೆಯಬಾರದು. 2008ರ ತಿದ್ದುಪಡಿಯಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳ ಒಳಗೆ. ಹಿನ್ನೆಲೆ, ಅನ್ಯಾಯ, ಪಕ್ಕದ ಮನೆಯವರ ಗುಣ ಎಲ್ಲ ಬರೆದು ನಾಲ್ಕು ಪುಟ ತುಂಬಿಸಿದ ಅರ್ಜಿ ಇದೊಂದೇ ಕಾರಣಕ್ಕೆ ತಿರುಗಿ ಬರುತ್ತದೆ. ಯಾಕೆ ಬೇಕು ಎಂದು ಹೇಳಬೇಕಿಲ್ಲ, ಮಾಹಿತಿ ಹಕ್ಕು ಕಾಯ್ದೆಯ ಕಲಂ 6(2) ಅದನ್ನು ಕೇಳುವಂತಿಲ್ಲ ಎಂದಿದೆ. ‘ಯಾಕೆ ಕ್ರಮ ಕೈಗೊಂಡಿಲ್ಲ’ ಎಂದು ನೀವೂ ಕೇಳಬೇಡಿ. ಇರುವ ದಾಖಲೆಯ ನಕಲು ಕೇಳಬಹುದು, ವಿವರಣೆ ಕೇಳಲಾಗದು. ಅದೇ ಪ್ರಶ್ನೆಯನ್ನು ‘ನನ್ನ ಅರ್ಜಿಯ ಮೇಲೆ ಕೈಗೊಂಡ ಕ್ರಮದ ದಾಖಲೆಗಳು’ ಎಂದು ತಿರುಗಿಸಿದರೆ ಉತ್ತರ ಕೊಡಲೇಬೇಕು.

ಬರವಣಿಗೆ ಹೀಗಿದ್ದರೆ ಸಾಕು: ‘ತಮ್ಮ ವ್ಯಾಪ್ತಿಯ ಇಂಥ ಠಾಣೆಯಲ್ಲಿ ಇಂಥ ದಿನಾಂಕದಂದು ನಾನು ಸಲ್ಲಿಸಿದ ಅರ್ಜಿ ಸಂಖ್ಯೆ ಇಂಥದ್ದಕ್ಕೆ ಸಂಬಂಧಿಸಿ, ಒಂದು, ಅರ್ಜಿ ರಿಜಿಸ್ಟರಿನ ಆ ನಮೂದಿನ ಪುಟ, ಎರಡು, ದಾಖಲಿಸಿಕೊಂಡ ಹೇಳಿಕೆಗಳು, ಮೂರು, ವಿಚಾರಣಾ ವರದಿ, ನಾಲ್ಕು, ನೀಡಿದ ಹಿಂಬರಹ, ಇವುಗಳ ದೃಢೀಕೃತ ನಕಲುಗಳನ್ನು ಒದಗಿಸಬೇಕು. ಯಾವುದಾದರೂ ಭಾಗ ಕೊಡಲಾಗದಿದ್ದರೆ ಕಲಂ 10ರಂತೆ ಆ ಭಾಗ ಬಿಟ್ಟು ಉಳಿದದ್ದನ್ನು ಒದಗಿಸಬೇಕು.’ ಆ ಕೊನೆಯ ವಾಕ್ಯ ಬಹಳ ಕೆಲಸ ಮಾಡುತ್ತದೆ, ಬಿಡಬೇಡಿ.

ಯಾರಿಗೆ ಬರೆಯಬೇಕೆಂಬುದು ಠಾಣೆಯ ಅಥವಾ ಡಿವೈಎಸ್‌ಪಿ ಕಚೇರಿಯ ಗೋಡೆಯ ಫಲಕದಲ್ಲಿರುತ್ತದೆ. ಅಧಿಕಾರಿಯ ಹೆಸರು ಬೇಡ, ‘ಸಾರ್ವಜನಿಕ ಮಾಹಿತಿ ಅಧಿಕಾರಿ’ ಎಂದರೆ ಸಾಕು, ಅಧಿಕಾರಿಗಳು ವರ್ಗವಾಗುತ್ತಿರುತ್ತಾರೆ. ತಪ್ಪು ಕಚೇರಿಗೆ ಹೋದರೂ 5 ದಿನದೊಳಗೆ ಸರಿಯಾದ ಕಡೆ ದಾಟಿಸುವುದು ಅವರ ಕೆಲಸ, ಕಲಂ 6(3). ಉತ್ತರಕ್ಕೆ 30 ದಿನ, ಜೀವ ಅಥವಾ ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆ. ಪುಟದ ಹಣ ಕಟ್ಟಲು ಪತ್ರ ಬಂದರೆ ಅಂದೇ ಕಟ್ಟಿ, ಪತ್ರ ಹೊರಟಂದಿನಿಂದ ನೀವು ಕಟ್ಟುವವರೆಗಿನ ದಿನಗಳು ಆ 30ರಲ್ಲಿ ಸೇರುವುದಿಲ್ಲ. 30 ದಿನ ಮೀರಿದರೆ ಪುಟಗಳು ಪುಕ್ಕಟೆ.

ಸೋಲುವುದು ಎರಡು ಕಡೆ. ಮೊದಲನೆಯದು ಕಲಂ 8(1)(ಎಚ್): ‘ತನಿಖೆ ನಡೆಯುತ್ತಿದೆ, ಕೊಡಲಾಗುವುದಿಲ್ಲ.’ ಕಾಯ್ದೆಯ ಮಾತು ‘ತನಿಖೆಗೆ ಅಡ್ಡಿಯಾಗುವ’ ಮಾಹಿತಿ ಎಂದು. ತನಿಖೆ ನಡೆಯುತ್ತಿದೆ ಎಂಬುದೊಂದೇ ಕಾರಣವಾಗದು, ಹೇಗೆ ಅಡ್ಡಿಯಾಗುತ್ತದೆಂದು ಹೇಳಬೇಕು ಎಂದು ಭಗತ್ ಸಿಂಗ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2007ರಲ್ಲೇ ತೀರ್ಪು ಕೊಟ್ಟಿದೆ. ಮೇಲ್ಮನವಿಯಲ್ಲಿ ಇದನ್ನು ಎತ್ತಿ ಹೇಳಿ. ಹಾಗೆಂದು ತನಿಖಾಧಿಕಾರಿ ದಿನದಿನದ ತನಿಖೆ ಬರೆದಿಡುವ ಕೇಸ್ ಡೈರಿ ಮಾತ್ರ ಕೇಳಬೇಡಿ, ಅದು ಆರೋಪಿಗೇ ನೋಡಲು ಸಿಗದ ಪುಸ್ತಕ. ಎರಡನೆಯದು 8(1)(ಜೆ), ಬೇರೆಯವರ ವೈಯಕ್ತಿಕ ಮಾಹಿತಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿದ್ದುಪಡಿಯಿಂದ ಇದು ಇನ್ನಷ್ಟು ಬಿಗಿಯಾಗಿದೆ. ಮದುವೆ ಸಂಬಂಧ ನೋಡುವಾಗ ಹುಡುಗನ ಮೇಲೆ ಕೇಸಿದೆಯೇ ಎಂದು ಈ ದಾರಿಯಲ್ಲಿ ಕೇಳಿದರೆ ಸಿಗುವುದಿಲ್ಲ. ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು ಎನ್ನುವ ಕಲಂ 8(2) ಉಳಿದಿದೆ, ಆ ಹಿತ ಯಾವುದು ಎಂದು ಅರ್ಜಿಯಲ್ಲೇ ಒಂದು ಸಾಲು ಬರೆಯಬೇಕು.

ನಿರಾಕರಣೆ ಬಂದರೆ ಅಥವಾ ಉತ್ತರವೇ ಬಾರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅದಕ್ಕೆ 30ರಿಂದ 45 ದಿನದಲ್ಲಿ ತೀರ್ಮಾನ. ಬಳಿಕ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ಆಯೋಗ ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡ ಹಾಕಬಲ್ಲದು, ಆದರೆ ಅಲ್ಲಿ ಸರದಿ ಉದ್ದ. ಹಾಗಾಗಿ ಮೊದಲ ಮೇಲ್ಮನವಿಯಲ್ಲೇ ಶ್ರಮ ಹಾಕಿ. ಹೆಚ್ಚಿನ ಕಾಗದ ಬಿಡುಗಡೆಯಾಗುವುದು ಅಲ್ಲಿ.

ತಡ ಮಾಡಿದರೆ ಕೈಬಿಟ್ಟೇ ಹೋಗುವ ದಾಖಲೆ ಒಂದಿದೆ, ಠಾಣೆಯ ಸಿಸಿಟಿವಿ ದೃಶ್ಯ. ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್ 18 ತಿಂಗಳ ದೃಶ್ಯ ಉಳಿಸಬೇಕು, ಅಂಥ ಉಪಕರಣ ಸಿಗದಿದ್ದರೆ ಕನಿಷ್ಠ ಒಂದು ವರ್ಷ ಎಂದಿತು. ಆದರೂ ಘಟನೆಯಾದ ವಾರದೊಳಗೆ ‘ಇಂಥ ದಿನ, ಇಂಥ ವೇಳೆಯಿಂದ ಇಂಥ ವೇಳೆವರೆಗಿನ ದೃಶ್ಯ ಅಳಿಸದೆ ಕಾದಿಡಬೇಕು’ ಎಂದು ಎಸ್‌ಪಿಗೆ ಸ್ಪೀಡ್ ಪೋಸ್ಟ್ ಹಾಕಿ. ನಕಲು ಕೇಳುವ ಅರ್ಜಿ ಆಮೇಲೆ.

ನಡತೆ ಪತ್ರ ಮತ್ತು ಗಡಿಯಾಚೆ

ಸೀಬರ್ಡ್ ನೌಕಾನೆಲೆ, ಕೈಗಾ ಅಣುಸ್ಥಾವರದ ಗುತ್ತಿಗೆ ಕೆಲಸಕ್ಕೆ ಕೇಳುವ ಪೊಲೀಸ್ ಪರಿಶೀಲನಾ ಪತ್ರಕ್ಕೆ ಸೇವಾ ಸಿಂಧು, ಗ್ರಾಮ ಒನ್‌ನಲ್ಲೂ ಅರ್ಜಿ ಹಾಕಿಕೊಡುತ್ತಾರೆ. ಭಟ್ಕಳದಿಂದ ಕೊಲ್ಲಿ ದೇಶಗಳಿಗೆ ಹೋಗುವವರು ವೀಸಾಕ್ಕೆ ಆ ಪತ್ರ ಮಾಡಿಸಿದರೆ ನಡೆಯದು. ಅವರಿಗೆ ಪಾಸ್‌ಪೋರ್ಟ್ ಸೇವೆಯಿಂದ ಕೊಡುವ ಪಿಸಿಸಿ (ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ) ಬೇಕು, ಶುಲ್ಕ 500 ರೂಪಾಯಿ. ಎರಡಕ್ಕೂ ಪೊಲೀಸರು ವಿಳಾಸ ನೋಡಲು ಬರುತ್ತಾರೆ, ಮನೆಯಲ್ಲಿ ಇಲ್ಲದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಗೋವಾದಲ್ಲಿ ದುಡಿಯುವ ಕಾರವಾರ, ಅಂಕೋಲೆಯ ಹುಡುಗರು ಇದನ್ನು ಗಮನಿಸಲಿ, ಅರ್ಜಿ ಹಾಕಿದ ವಾರ ಊರಲ್ಲಿರುವುದು ಒಳ್ಳೆಯದು.

ಗೋವಾದ ಕಾಣಕೋಣದಲ್ಲಿ ಆದ ಘಟನೆಗೆ ಕಾರವಾರದಲ್ಲೇ ಶೂನ್ಯ ಎಫ್‌ಐಆರ್ (ಘಟನೆ ತನ್ನ ವ್ಯಾಪ್ತಿಯಲ್ಲಿ ಆಗದಿದ್ದರೂ ಠಾಣೆ ದಾಖಲಿಸುವ ಎಫ್‌ಐಆರ್) ದಾಖಲಿಸಬಹುದು. ಅದು ಅಲ್ಲಿಯ ಠಾಣೆಗೆ ಹೋದ ಮೇಲೆ ಹೊಸ ಸಂಖ್ಯೆ ಪಡೆಯುತ್ತದೆ, ಮುಂದಿನ ಕಾಗದವೆಲ್ಲ ಆ ಸಂಖ್ಯೆಯ ಮೇಲೆ, ಗೋವಾ ಪೊಲೀಸರಿಂದ. ಶೂನ್ಯ ಎಫ್‌ಐಆರಿನ ಪ್ರತಿಯನ್ನು ಬಿಸಾಡಬೇಡಿ, ಎರಡು ಸಂಖ್ಯೆಗಳ ನಡುವಿನ ಕೊಂಡಿ ಅದೊಂದೇ. ನಮ್ಮ ಎಫ್‌ಐಆರ್ ಕನ್ನಡದಲ್ಲಿರುವುದರಿಂದ ಅಲ್ಲಿಯ ವಿಮೆ ಕಚೇರಿಗೆ ನೋಟರಿ ಸಹಿಯ ಅನುವಾದವನ್ನೂ ಜೊತೆಗೆ ಕೊಡಬೇಕಾದೀತು. ಅನುವಾದ ಮಾಡಿಸುವಾಗ ಹೆಸರುಗಳು ಆಧಾರಿನ ಇಂಗ್ಲಿಷ್ ಅಕ್ಷರಗಳಂತೆಯೇ ಇವೆಯೇ ಎಂದು ನೋಡಿ ಸಹಿ ಹಾಕಿಸಿ.